ಎಂದೂ ಬತ್ತದ ಜಲಪಾತ

ಮಗಳನ್ನು ಮದುವೆಯಾಗುತ್ತೇನೆಂದು ಯಾರಾದರೂ ಬಂದರೆ ಬೇರೆ ಅಪ್ಪಂದಿರು ಕುರ್ಚಿ ಹಾಕಿ ಕೂರಿಸಿ, ಕೆಲಸವೇನು, ಮನೆಯೆಲ್ಲಿ ಎಂದು ಕೇಳುತ್ತಾರೆ. ಕಾಡುಮೇಷ್ಟ್ರು ಅಂಥ ಸಾಮಾನ್ಯರಲ್ಲ. ಅವರು ಬಂದವನನ್ನು ಶನಿವಾರ ಸಂಜೆ ಊರಾಚೆಯ ರಕ್ಷಿತ ಕಾಡಿಗೆ ಕರೆದೊಯ್ದು, ಜಲಪಾತಗಳ ದಾರಿಯಲ್ಲಿ ತುದಿಯವರೆಗೂ ಹತ್ತಿಸಿ, ಹಿಂದಿನಿಂದ ಗಮನಿಸುತ್ತಿದ್ದರು. ಬ್ಯಾಂಕಿನವನೊಬ್ಬ ಕಿತ್ತಳೆ ಸಿಪ್ಪೆಯನ್ನು ಪೊದೆಗೆ ಎಸೆದು ಹೆಣ್ಣನ್ನು ಕಳೆದುಕೊಂಡ. ವಕೀಲನೊಬ್ಬ ಅರ್ಧ ದಾರಿಯಲ್ಲಿ ಏದುಸಿರು ಬಿಡುತ್ತಾ, ‘ಇನ್ನೂ ಎಷ್ಟು ದೂರ ಸಾರ್?’ ಎಂದ. ‘ನಿಮ್ಮ ಮನೆಗಾ? ಹೀಗೇ ಇಳೀತಾ ಹೋಗಿ, ಸಿಗುತ್ತೆ’ ಎಂದರಂತೆ ಮೇಷ್ಟ್ರು.

ಈ ಸಲದ ಗಂಡು ನೀರು ಸರಬರಾಜು ಕಚೇರಿಯ ಓವರ್‌ಸಿಯರ್. ಮದುವೆಯ ವಯಸ್ಸು ಅವನ ಬಾಗಿಲಿಗೆ ಬಂದು, ಕಾದು, ಬೇಸತ್ತು ಮುಂದಕ್ಕೆ ಹೋಗಿಬಿಟ್ಟಿತ್ತು. ಮೇಷ್ಟ್ರ ಮಗಳು ದೊಡ್ಡಾಸ್ಪತ್ರೆಯ ಎದುರಿನ ಔಷಧದಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಅವಳ ಮುಖ ನೋಡುವ ಆಸೆಗೆ ಇವನು ಬಾರದ ಕೆಮ್ಮಿಗೆಲ್ಲ ಔಷಧ ಕೊಂಡು ಮನೆಯ ಕಪಾಟು ತುಂಬಿಸಿದ್ದ. ಕೊನೆಗೆ ಅವಳೇ, ‘ನಿಮಗೆ ಕೆಮ್ಮಿಲ್ಲ ಅಂತ ನಂಗೊತ್ತು. ಬೇರೆ ಏನಾದ್ರೂ ಹೇಳೋದಿದ್ರೆ ಬೇಗ ಹೇಳಿ, ಹಿಂದೆ ಜನ ಕಾಯ್ತಿದ್ದಾರೆ’ ಎಂದಳು. ಹೇಗೋ ಹೇಳಿದ. ಅವಳು ನಕ್ಕಳು, ಒಪ್ಪಿದಳು, ಆದರೆ ಅಪ್ಪನ ಬೆಟ್ಟ ಹತ್ತಬೇಕಲ್ಲ ಎಂದಳು. ಈ ಸಲ ತಾನೂ ಜೊತೆಗೆ ಬರುತ್ತೇನೆಂದಳು. ಅವಳಿಗೆ ರಜೆ ಸಿಗುವುದು ಭಾನುವಾರ ಮಾತ್ರ, ಹಾಗಾಗಿ ಭಾನುವಾರ ಬೆಳಿಗ್ಗೆಯೆಂದು ಗೊತ್ತಾಯಿತು. ಅಲ್ಲಿಗೆ ಓವರ್‌ಸಿಯರನ ನಿದ್ದೆ ಹಾರಿಹೋಯಿತು.

ಆ ಕಾಡಿನಲ್ಲಿ ಮೂರು ಜಲಪಾತಗಳು. ಕೆಳಗಿನ ಎರಡು ಬಡಪಾಯಿಗಳು, ಮಳೆಗಾಲದಲ್ಲಿ ಹರಿದು ಬೇಸಿಗೆಯಲ್ಲಿ ಒಣಗಿ ತಮ್ಮ ಪಾಡಿಗೆ ತಾವಿರುತ್ತಿದ್ದವು. ಮೇಲಿನದು ಮಾತ್ರ ಮೇಷ್ಟ್ರ ಕಣ್ಮಣಿ. ಭೂಗೋಳ ಪಾಠ ಮಾಡಿ ನಿವೃತ್ತರಾದ ಮೇಲೆ ಅವರು ‘ನಿಸರ್ಗ ಬಳಗ’ ಎಂದು ಒಂದು ಗುಂಪು ಕಟ್ಟಿಕೊಂಡು, ಪ್ರತಿ ಶನಿವಾರ ಸಂಜೆ ಅದನ್ನು ಅಲ್ಲಿಗೆ ಹೊರಡಿಸುತ್ತಿದ್ದರು. ಎಂಥ ಉರಿಬಿಸಿಲಿನ ತಿಂಗಳಲ್ಲೂ ಆ ಜಲಪಾತ ಧೋ ಎಂದು ಸುರಿಯುತ್ತಿತ್ತು. ಬಂಡೆಯ ಹೊಟ್ಟೆಯೊಳಗೆ ಪುರಾತನ ಒರತೆಯಿದೆ ಎಂಬುದು ಮೇಷ್ಟ್ರ ಸಂಶೋಧನೆ. ‘ಎಂದೂ ಬತ್ತದ ಜಲಪಾತ’ ಎಂದು ಫಲಕ ಬರೆಸಿ ನೆಡಿಸಿದ್ದರು. ಅದರ ಕೆಳಗೆ, ಕಂಡುಹಿಡಿದವರು ಎಂದು, ತಮ್ಮ ಹೆಸರನ್ನು ಜಲಪಾತದ ಹೆಸರಿಗಿಂತ ತುಸು ದಪ್ಪಕ್ಷರದಲ್ಲಿ ಹಾಕಿಸಿದ್ದರು.

ಅದು ಬತ್ತದಿರುವ ಗುಟ್ಟು ನೀರು ಕಚೇರಿಯವರಿಗೆಲ್ಲ ಗೊತ್ತಿತ್ತು. ಗುಡ್ಡದ ನೆತ್ತಿಯಲ್ಲಿ ಊರಿಗೆ ನೀರು ಕೊಡುವ ದೊಡ್ಡ ತೊಟ್ಟಿಯಿದೆ. ಅದರ ತಳದ ಕೆಸರನ್ನು ತೊಳೆದು ಹೊರಹಾಕಲು ಪ್ರತಿ ಶನಿವಾರ ಸಂಜೆ, ಊರಿಗೆ ನೀರು ಬಿಡದ ಹೊತ್ತಿನಲ್ಲಿ, ಒಂದು ವಾಲ್ವ್ ತೆರೆಯುತ್ತಿದ್ದರು. ಆ ಕೊಳೆನೀರು ಬಂಡೆಯ ಮೇಲಿಂದ ಬೀಳುವುದನ್ನು ನಿಸರ್ಗ ಬಳಗ ಮೈಮರೆತು ನೋಡುತ್ತಿತ್ತು. ಕೆಲವರು ಸೀಸೆಯಲ್ಲಿ ತುಂಬಿಕೊಂಡು ಮನೆಗೂ ಒಯ್ಯುತ್ತಿದ್ದರು. ಬೇರೆ ದಿನ ಹೋದ ಒಬ್ಬಿಬ್ಬರಿಗೆ ಒಣಬಂಡೆ ಕಂಡಿರಬಹುದು, ಆದರೆ ಅದನ್ನು ಮೇಷ್ಟ್ರ ಮುಂದೆ ಹೇಳುವ ಎದೆಗಾರಿಕೆ ಯಾರಿಗಿತ್ತು? ಕಚೇರಿಯ ಅರ್ಧ ಜನ ಅವರ ಕೈಯಲ್ಲೇ ಓದಿದವರು. ಬೆತ್ತದ ರುಚಿಯನ್ನು ಅವರು ಇನ್ನೂ ಮರೆತಿರಲಿಲ್ಲ.

ಈಗ ಸುಡುಬೇಸಿಗೆಯ ಭಾನುವಾರ ಬೆಳಿಗ್ಗೆ ಮೇಷ್ಟ್ರು ಆ ಒಣಬಂಡೆಯನ್ನು ಕಂಡರೆ ಸಿಟ್ಟು ಯಾರ ಮೇಲೆ ತಿರುಗುತ್ತದೆ? ಕಾಲ್ಗುಣ ಸರಿಯಿಲ್ಲದ ಅಳಿಯನ ಮೇಲೆ. ಓವರ್‌ಸಿಯರ್ ಕನ್ನಡಿಯ ಮುಂದೆ ನಿಂತು, ‘ಸಾರ್, ಅಲ್ಲಿ ನೀರಿರಲ್ಲ’ ಎಂದು ಹೇಳಿ ಅಭ್ಯಾಸ ಮಾಡಿದ. ಕನ್ನಡಿಗೆ ಹೇಳುವಾಗಲೇ ನಾಲಿಗೆ ತೊದಲಿತು. ಇದು ತನ್ನಿಂದಾಗುವ ಕೆಲಸವಲ್ಲವೆಂದು ಖಾತ್ರಿಯಾಗಿ, ಗುಡ್ಡದ ಮೇಲಿನ ವಾಲ್ವಿನವನಿಗೆ ಫೋನು ಮಾಡಿ, ಭಾನುವಾರ ಬೆಳಿಗ್ಗೆ ವಾಲ್ವ್ ತೆಗೆಯಲು ಹೇಳಿದ.

‘ಬೆಳಿಗ್ಗೆ ಊರಿಗೆ ನೀರು ಬಿಡೋ ಹೊತ್ತಲ್ವಾ ಸಾರ್? ಒಂದು ನಲ್ಲೀಲೂ ತೊಟ್ಟು ನೀರು ಬರಲ್ಲ.’

‘ಒಂದು ಹೊತ್ತು ನೀರಿಲ್ದಿದ್ರೆ ಊರೇನು ಮುಳುಗಿಹೋಗಲ್ಲ. ನಾನು ಹೇಳ್ತಿದ್ದೀನಲ್ಲ, ತೆಗಿ.’

‘ತೆಗೀತೀನಿ. ಯಾರಾದ್ರೂ ಕೇಳಿದ್ರೆ ನಿಮ್ಮ ಹೆಸರೇ ಹೇಳ್ತೀನಿ’ ಎಂದು ಅವನು ಫೋನಿಟ್ಟ.

ಭಾನುವಾರ ಮೂವರೂ ಹೊರಟರು. ಮೇಷ್ಟ್ರ ತಲೆಗೆ ಅಗಲ ಟೋಪಿ, ಕೈಯಲ್ಲಿ ಕೋಲು, ಕೊರಳಲ್ಲಿ ಸೀಟಿ. ಓವರ್‌ಸಿಯರನ ಬೆನ್ನಿಗೆ ಒಂದು ಚೀಲ, ಎದೆಗೆ ಇನ್ನೊಂದು, ಎರಡೂ ಮೇಷ್ಟ್ರದೇ. ಒಣಗಿದ ಮೊದಲ ಜಲಪಾತದ ಮುಂದೆ ಕಲ್ಲುಗಳ ಬಗ್ಗೆ ಉಪನ್ಯಾಸವಾಯಿತು. ಎರಡನೆಯದರ ಮುಂದೆ ಮನುಷ್ಯರ ದುರಾಸೆಯ ಬಗ್ಗೆ ಆಯಿತು. ಎರಡಕ್ಕೂ ಅವನು ಕತ್ತು ನೋಯುವಷ್ಟು ತಲೆಯಾಡಿಸಿದ. ಮುಂದೆ ಕೊಂಬೆಯ ಮೇಲೆ ಕೂತಿದ್ದ ಒಂದು ಕಪ್ಪು ಹಕ್ಕಿಯನ್ನು ಮೇಷ್ಟ್ರು ಕೋಲಿನಿಂದ ತೋರಿಸಿ, ‘ನೋಡು, ಬಹಳ ಅಪರೂಪದ ಪಕ್ಷಿ. ನಾನು ಬಂದಾಗ ಮಾತ್ರ ಕಾಣಿಸಿಕೊಳ್ಳುತ್ತೆ’ ಎಂದರು.

‘ಹೌದು ಸಾರ್, ಎಂಥ ಅಪರೂಪ. ಪುಸ್ತಕದಲ್ಲೂ ನೋಡಿಲ್ಲ’ ಎಂದ ಓವರ್‌ಸಿಯರ್.

‘ಅದು ಕಾಗೆ’ ಎಂದಳು ಮಗಳು ಮೆಲ್ಲಗೆ, ಅವನಿಗೆ ಮಾತ್ರ ಕೇಳುವ ಹಾಗೆ. ಅವನು ಕೇಳಿಸಲಿಲ್ಲವೆಂಬಂತೆ ಚೀಲದ ಪಟ್ಟಿ ಸರಿಮಾಡಿಕೊಂಡ. ಹಕ್ಕಿ ಕಾ ಎಂದು ಕೂಗಿ ಹಾರಿಹೋಯಿತು. ಅವಳು ಸ್ವಲ್ಪ ಹೊತ್ತು ಅವನ ಮುಖವನ್ನೇ ನೋಡಿ, ಮುಂದೆ ನಡೆದಳು.

ತಿರುವು ದಾಟುತ್ತಿದ್ದಂತೆ ನೀರಿನ ಸದ್ದು ಕೇಳಿ ಓವರ್‌ಸಿಯರನಿಗೆ ಹೋದ ಜೀವ ಬಂದಂತಾಯಿತು. ವಾಲ್ವಿನವನು ಮಾತು ಉಳಿಸಿಕೊಂಡಿದ್ದ. ಬಂಡೆಯ ಮೇಲಿಂದ ನೀರು ಬೆಳ್ಳಗೆ ಸುರಿಯುತ್ತಿತ್ತು, ಸುತ್ತಲಿನ ಗಿಡಮರಗಳೆಲ್ಲ ಒಣಗಿ ಕರಕಲಾಗಿದ್ದವು. ಮೇಷ್ಟ್ರು ಟೋಪಿ ತೆಗೆದು, ಬೊಗಸೆಯಲ್ಲಿ ನೀರು ಹಿಡಿದು, ಬಾಯಿ ತುಂಬ ಕುಡಿದರು.

‘ಇದು ಸರ್ಕಾರದ ನಲ್ಲಿಯಲ್ಲ ಕಣಯ್ಯಾ, ಪ್ರಕೃತಿ. ಇದರ ರುಚಿ ನಿಮ್ಮ ಕಚೇರಿಯ ನೀರಿಗೆ ಬರುತ್ತಾ?’

‘ಎಲ್ಲಿಂದ ಬರಬೇಕು ಸಾರ್’ ಎಂದ ಅವನು.

‘ಪರವಾಗಿಲ್ಲ, ತಿಳಿದವನು ನೀನು’ ಎಂದು ಮೇಷ್ಟ್ರು ಅವನ ಭುಜದ ಮೇಲೆ ಕೈಯಿಟ್ಟರು. ಯಾವ ವಕೀಲನ ಭುಜಕ್ಕೂ ಸಿಗದ ಕೈ ಅದು. ಇನ್ನೊಂದು ಮಾತು ಬಾಯಿಂದ ಉದುರಿದರೆ ಮದುವೆ ನಿಶ್ಚಯ. ಅಷ್ಟರಲ್ಲಿ ಮೇಷ್ಟ್ರ ಫೋನು ಹೊಡೆದುಕೊಂಡಿತು. ಅವರಿಗೆ ಕಿವಿ ಮಂದ, ಹಾಗಾಗಿ ಹೆಂಡತಿಯ ದನಿ ಕಾಡಿಗೆಲ್ಲ ಕೇಳಿಸಿತು.

‘ರೀ, ತಲೆಗೆ ಸೋಪು ಹಚ್ಚಿಕೊಂಡು ನಿಂತಿದ್ದೀನಿ, ನಲ್ಲೀಲಿ ನೀರಿಲ್ಲ. ಕಣ್ಣು ಉರೀತಿದೆ. ಇಡೀ ಬೀದಿಗೇ ಇಲ್ಲವಂತೆ.’

ಮಗಳ ಫೋನಿಗೂ ಅಂಗಡಿಯಿಂದ ಕರೆ ಬಂತು. ಕೇಳಿಸಿಕೊಂಡು ಇಟ್ಟವಳ ಮುಖ ಗಂಭೀರವಾಗಿತ್ತು. ‘ಆಸ್ಪತ್ರೇಲೂ ನೀರಿಲ್ಲವಂತೆ. ವಾರ್ಡುಗಳಲ್ಲಿ ಬಕೆಟ್ ಹಿಡಿದು ಓಡಾಡ್ತಿದ್ದಾರಂತೆ’ ಎಂದಳು.

ಮೇಷ್ಟ್ರು ಕೆಂಡವಾದರು. ‘ದಂಡಪಿಂಡಗಳು ಕಣಯ್ಯಾ ನಿಮ್ಮ ಕಚೇರಿಯವರು. ಇಲ್ಲಿ ನೋಡು, ಕೇಳೋರಿಲ್ಲದ ಬಂಡೆ ಇಷ್ಟು ನೀರು ಕೊಡ್ತಿದೆ, ನಿಮ್ಮ ಕೈಲಿ ಒಂದು ನಲ್ಲಿಗೆ ಕೊಡೋಕಾಗಲ್ಲ. ಮಾಡು ಫೋನು, ಈಗಲೇ ನೀರು ಬಿಡಿಸು.’

‘ಕೆಳಗೆ ಹೋದ ಮೇಲೆ ಮಾಡ್ತೀನಿ ಸಾರ್.’

‘ಈಗ ಮಾಡು ಅಂದೆ.’

ಮಾಡಿದರೆ ಗುಟ್ಟು ಬಯಲು, ಮಾಡದಿದ್ದರೆ ಮದುವೆ ಮುರಿಯುತ್ತದೆ. ಓವರ್‌ಸಿಯರನಿಗೆ ದೊಡ್ಡ ದನಿಯಲ್ಲಿ ಹೇಳಿದ್ದನ್ನು ಮಾಡದೆ ಇದ್ದು ಅಭ್ಯಾಸವೇ ಇರಲಿಲ್ಲ. ಬೆನ್ನು ತಿರುಗಿಸಿ ನಿಂತು, ‘ಮುಚ್ಚು’ ಎಂದು ಫೋನಿನಲ್ಲಿ ಒಂದೇ ಮಾತು ಪಿಸುಗುಟ್ಟಿದ.

ಜಲಪಾತ ಸಣ್ಣಗಾಯಿತು. ಇನ್ನಷ್ಟು ಸಣ್ಣಗಾಗಿ, ಬಂಡೆಗೆ ಅಂಟಿಕೊಂಡು ಜಿನುಗಿ, ತೊಟ್ಟಿಕ್ಕಿ, ನಿಂತೇಹೋಯಿತು. ಎಲ್ಲೋ ಒಂದು ಕಪ್ಪೆ ಕೂಗಿತು. ಮೇಷ್ಟ್ರ ಫೋನು ಮತ್ತೆ ಹೊಡೆದುಕೊಂಡಿತು. ‘ಬಂತು ರೀ, ನೀರು ಬಂತು’ ಎಂದಳು ಹೆಂಡತಿ.

ಮೇಷ್ಟ್ರು ಏನೇ ಇರಲಿ, ಪೆದ್ದರಲ್ಲ. ಒಣಬಂಡೆಯನ್ನು ನೋಡಿದರು, ಫೋನನ್ನು ನೋಡಿದರು, ಕೊನೆಗೆ ಓವರ್‌ಸಿಯರನನ್ನು ನೋಡಿದರು. ಅಲ್ಲೇ ಒಂದು ಕಲ್ಲಿನ ಮೇಲೆ ಕುಸಿದು ಕೂತರು.

‘ಎಷ್ಟು ವರ್ಷದಿಂದ?’

‘ಮೊದಲಿಂದಲೂ ಸಾರ್. ಶನಿವಾರ ಶನಿವಾರ ತೊಟ್ಟಿ ತೊಳೆದ ನೀರು.’

‘ತೊಳೆದ ನೀರು’ ಎಂದು ಮೇಷ್ಟ್ರು ತುಟಿ ಒರೆಸಿಕೊಂಡರು. ಇಷ್ಟು ವರ್ಷ ಯಾರೂ ನೋಡಿರದ ಮುಖ ಅದು, ಒಂದು ಕ್ಷಣ ಪಾಪ ಅನ್ನಿಸುವ ಹಾಗಿತ್ತು. ಆ ಕ್ಷಣ ಬೇಗ ಕಳೆಯಿತು. ‘ಯಾರ್ಯಾರಿಗೆ ಗೊತ್ತು ಇದು?’

‘ನಮ್ಮ ಕಚೇರಿಯವರಿಗೆ ಮಾತ್ರ.’

ಮೇಷ್ಟ್ರು ಟೋಪಿಯನ್ನು ಮತ್ತೆ ತಲೆಗಿಟ್ಟುಕೊಂಡರು. ‘ಮುಂದಿನ ವಾರ ಬೇರೆ ಊರಿನ ನಿಸರ್ಗ ಬಳಗದವರು ನೋಡೋಕೆ ಬರ್ತಿದ್ದಾರೆ. ಬುಧವಾರ ಬೆಳಿಗ್ಗೆ. ಆಗುತ್ತಾ?’

‘ಆಗುತ್ತೆ ಸಾರ್.’

‘ಸಾರ್ ಯಾಕೆ, ಮಾವ ಅನ್ನು.’

ಓವರ್‌ಸಿಯರನ ಎದೆ ಉಬ್ಬಿ ಎರಡು ಚೀಲಗಳ ನಡುವೆ ಸಿಕ್ಕಿಹಾಕಿಕೊಂಡಿತು. ಗೆದ್ದೆನೆಂದು ಮಗಳ ಕಡೆ ತಿರುಗಿದ. ಅವಳು ಆಗಲೇ ಶೂ ದಾರ ಬಿಗಿದುಕೊಂಡು ಎದ್ದು ನಿಂತಿದ್ದಳು.

‘ಬುಧವಾರ ಆಸ್ಪತ್ರೆಯವರು ಏನು ಮಾಡ್ಬೇಕು?’ ಎಂದಳು.

‘ನಾನು ಇದನ್ನೆಲ್ಲ ಮಾಡಿದ್ದು ನಿನಗೋಸ್ಕರ’ ಎಂದ ಅವನು.

‘ನನಗೋಸ್ಕರ ಅಲ್ಲ, ಅಪ್ಪನ ಹೆದರಿಕೆಗೆ. ನಂಗೆ ಗೊತ್ತು ಆ ಹೆದರಿಕೆ, ಅದರಲ್ಲೇ ಬೆಳೆದಿದ್ದೀನಿ. ಮನೇಲಿ ಅಪ್ಪ ಹೇಳಿದ್ದಕ್ಕೆಲ್ಲ ಹೂಂ ಅನ್ನೋರು ನಾನು ಅಮ್ಮ ಇಬ್ಬರು ಇದ್ದೀವಿ. ಆ ಮನೆಯಿಂದ ಹೊರಗೆ ಬರೋಣ ಅಂತ ಮದುವೆಗೆ ಒಪ್ಪಿದ್ದೆ. ನೀವು ಒಳಗೆ ಬರೋಕೆ ಹೊರಟಿದ್ದೀರಿ. ನೀವು ಒಳಗೆ ಬನ್ನಿ, ನಾನು ಹೊರಗೆ ಹೋಗ್ತೀನಿ.’

ಸಿಟ್ಟಿನ ದನಿಯಾಗಿದ್ದರೆ ಅವನಿಗೆ ಸಮಾಧಾನವಿರುತ್ತಿತ್ತು. ಕೆಮ್ಮಿನ ಔಷಧ ಎಷ್ಟೆಷ್ಟು ಹೊತ್ತಿಗೆ ಕುಡಿಯಬೇಕೆಂದು ಹೇಳುವ ದನಿಯಲ್ಲೇ ಹೇಳಿ, ಇಳಿಜಾರಿನಲ್ಲಿ ಇಳಿದು ಹೊರಟೇಬಿಟ್ಟಳು. ಓಡಿ ಹೋಗಿ ತಡೆಯಬೇಕೆಂದು ಅವನು ಕಾಲೆತ್ತಿದ. ಈಗ ಹೋದರೆ ಇನ್ನೂ ಸಿಗುತ್ತಾಳೆ, ತಿರುವು ದಾಟಿದರೆ ಸಿಗುವುದಿಲ್ಲ, ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು.

‘ಹೋಗಲಿ ಬಿಡು, ಸಂಜೆಗೆ ಸರಿಹೋಗ್ತಾಳೆ’ ಎಂದರು ಮೇಷ್ಟ್ರು ಹಿಂದಿನಿಂದ. ‘ಬುಧವಾರ ಎಷ್ಟು ಹೊತ್ತಿಗೆ ತೆಗೆಸ್ತೀಯ?’

ಹಿರಿಯರು ಮಾತಾಡುತ್ತಿರುವಾಗ ಬೆನ್ನು ತಿರುಗಿಸಿ ಹೋಗುವುದು ಹೇಗೆ? ಅವಳ ತಲೆ ಪೊದೆಗಳಾಚೆ ಮರೆಯಾಗುವುದನ್ನು ನೋಡುತ್ತಲೇ ಅವನು ಬಾಯಿ ತೆರೆದ.

‘ನೀವು ಹೇಳಿದ ಹೊತ್ತಿಗೆ, ಮಾವ’ ಎಂದ.