ತುರಂಬಿ ಎಂಬ ಪದದ ಅರ್ಥ

ಸ್ಟ್ರೋಕ್ ಆದ ಮೇಲೆ ನನ್ನ ಹೆಂಡತಿ ಯಶೋಧಾಳ ಬಾಯಲ್ಲಿ ಉಳಿದದ್ದು ಒಂದೇ ಪದ. ಅದು ಯಾವ ನಿಘಂಟಿನಲ್ಲೂ ಇರಲಿಲ್ಲ.

ಹೆಬ್ಬಾಳದ ಆಸ್ಪತ್ರೆಯಿಂದ ಕೋಗಿಲಿನ ಮನೆಗೆ ಕರೆತಂದ ಮೂರನೆಯ ದಿನ, ಗಂಜಿ ಹಿಡಿದು ಕೋಣೆಯೊಳಗೆ ಕಾಲಿಟ್ಟೆ. ದಿಂಬಿಗೊರಗಿದ್ದವಳು ನನ್ನನ್ನು ನೋಡಿದಳು, ಅಡುಗೆಮನೆಯ ಕಡೆ ನೋಡಿದಳು, ಸೊಟ್ಟಗಾಗಿದ್ದ ತುಟಿಗಳನ್ನು ಕಷ್ಟಪಟ್ಟು ಕೂಡಿಸಿ "ತುರಂಬಿ" ಎಂದಳು. ನೀರಾ ಎಂದೆ. ಅಲ್ಲವೆಂದು ತಲೆಯಾಡಿಸಿದಳು. ಫ್ಯಾನ್ ಹಾಕಿದೆ, ಆರಿಸಿದೆ, ಕಿಟಕಿ ತೆರೆದೆ. ಯಾವುದೂ ಅಲ್ಲ. ಸಂಜೆ ಮತ್ತೆ ಒಳಗೆ ಹೋದಾಗ ಮತ್ತೆ ಅದೇ ಪದ.

ಬೇರೆ ಯಾರಾದರೂ ಆಗಿದ್ದರೆ ರೋಗಿಯ ಬಡಬಡಿಕೆ ಎಂದು ಬಿಟ್ಟುಬಿಡುತ್ತಿದ್ದರು. ನಾನು ಯಶವಂತಪುರದ ಒಂದು ಮುದ್ರಣಾಲಯದಲ್ಲಿ ಮೂವತ್ತೊಂದು ವರ್ಷ ಕರಡು ತಿದ್ದಿದವನು. ನಿವೃತ್ತನಾದ ಮೇಲೆ ಒಂದು ವಾರಪತ್ರಿಕೆಗೆ, ಅನುವಾದಕ್ಕೆ ಒಗ್ಗದ ಪದಗಳ ಬಗ್ಗೆ ಅಂಕಣ ಬರೆಯುತ್ತೇನೆ. ಕೊಂಡು ತಂದು ಓದದೆ ಪೇರಿಸಿಟ್ಟ ಪುಸ್ತಕಗಳಿಗೆಂದೇ ಜಪಾನೀಯರಲ್ಲಿ ಒಂದು ಪದವಿದೆ. ನಮ್ಮಲ್ಲಿ ಅದನ್ನು ಗ್ರಂಥಾಲಯ ಎನ್ನುತ್ತಾರೆ. ಹೊಟ್ಟೆ ತುಂಬಿದ್ದರೂ ರುಚಿಗೆ ಸೋತು ತಿಂದು ಮುಗಿಸಿಬಿಟ್ಟೆ ಎನ್ನುವುದಕ್ಕೆ ಜಾರ್ಜಿಯಾದವರ ಬಳಿ ಒಂದೇ ಕ್ರಿಯಾಪದವಿದೆ. ನನ್ನ ಷಡ್ಡಕ ಶ್ರೀರಾಮಪ್ಪನವರಿಗೆ ಅದೂ ಬೇಕಾಗಿಲ್ಲ, ಕೈ ತೊಳೆಯಲು ಏಳುತ್ತಾರೆ ಅಷ್ಟೆ. ಇಂಥ ಅಂಕಣ ಬರೆಯುವವನ ಮನೆಯಲ್ಲೇ ಅರ್ಥವಾಗದ ಪದವೊಂದು ಹುಟ್ಟಿದರೆ ಸುಮ್ಮನಿರಲಾದೀತೆ?

ಹುಡುಕಿದೆ. ಕನ್ನಡದಲ್ಲಿ ತುಂಬಿ ಇದೆ, ತುರುಬು ಇದೆ, ಇಸ್ಪೀಟಿನ ತುರುಪು ಇದೆ. ತಮಿಳಿನಲ್ಲಿ ತುರುಂಬು ಎಂದರೆ ಹುಲ್ಲುಕಡ್ಡಿ. ಎದುರುಮನೆಯ ಅಕ್ಬರಿಯವರನ್ನು ಕೇಳಿದೆ. "ಉರ್ದೂನಲ್ಲಿ ಇಲ್ಲ ಸಾರ್, ಅಕ್ಕಾದು ಸ್ವಂತದ್ದೇ ಇರ್ಬೇಕು" ಎಂದರು. ಮಗಳು ವನಿತಾಳನ್ನು ಕೇಳಿದೆ. ಅವಳು ಅಮ್ಮನ ಹೊದಿಕೆಯನ್ನು ಎರಡು ಸಲ ಮಡಚಿ, "ಗೊತ್ತಿಲ್ಲಪ್ಪ" ಎಂದಳು.

ಕೊನೆಗೆ ನಾನೇ ಕಂಡುಕೊಂಡೆ. ಬೇರೆಯವರು ಬಂದಾಗ ಅವಳು ಆ ಪದ ಆಡುವುದಿಲ್ಲ. ನಾನು ಬಂದಾಗ ಮಾತ್ರ. ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಮದುವೆಯಾಗಿ ಮನೆ ತುಂಬಿದ ದಿನ ನನ್ನ ಅಕ್ಕಂದಿರು ಹೊಸ್ತಿಲಿಗೆ ಅಡ್ಡ ನಿಂತು ಹೇಳಿಸಿದಾಗ "ಶಿವರಾಮ್" ಎಂದು ಪಿಸುಗುಟ್ಟಿದ್ದಳು. ಆಮೇಲೆ ಬ್ಯಾಂಕಿನಲ್ಲಿ ಕೇಳಿದರೂ ಪಾಸ್‌ಬುಕ್ ಮುಂದಕ್ಕೆ ತಳ್ಳುತ್ತಿದ್ದಳೇ ಹೊರತು ಬಾಯಿ ಬಿಟ್ಟವಳಲ್ಲ. ಹೇಳಲಾಗದ ಹೆಸರಿನ ಜಾಗದಲ್ಲಿ ಅವಳು ಮನಸ್ಸಿನೊಳಗೇ ಒಂದು ಹೆಸರು ಕಟ್ಟಿಕೊಂಡಿದ್ದಿರಬೇಕು. ತುರಂಬಿ ಎಂದರೆ ನಾನು.

ಆ ರಾತ್ರಿಯೇ ಅಂಕಣ ಬರೆದು ಕಳಿಸಿದೆ. ಲೋಕದ ಅಷ್ಟೂ ಭಾಷೆಗಳ ಪದಗಳನ್ನು ಪಕ್ಕಕ್ಕೆ ಸರಿಸಿ, ಒಬ್ಬಳೇ ಆಡುವ, ಒಬ್ಬನಿಗೇ ಸೇರಿದ ಪದದ ಬಗ್ಗೆ. ಬರೆಯುವಾಗ ಕಣ್ಣು ಮಂಜಾಗಿ ಎರಡು ಕಡೆ ದೀರ್ಘ ತಪ್ಪಿತ್ತು, ತಿದ್ದಿದೆ.

ಭಾನುವಾರ ನಾದಿನಿ ಮುನಿಕೃಷ್ಣಮ್ಮ ರಾಜಾನುಕುಂಟೆಯಿಂದ ಬಂದಿದ್ದಳು. ನಾನು ಸೊಪ್ಪು ತರಲು ಹೋಗಿ ಹಿಂತಿರುಗುತ್ತಿದ್ದೆ. ಗೇಟಿನ ಹೊರಗಿನಿಂದಲೇ ಕೋಣೆಯ ಮಾತು ಕೇಳಿಸುತ್ತಿತ್ತು.

"ಇಂಗೇ ಒಂಟೋಯ್ತು ಕಣಕ್ಕ ಎಮ್ಮೆ, ಆ ಲೇಔಟ್ ಆಫೀಸ್ ಒಳೀಕೆ! ಏಸಿ ತಣ್ಣಗೈತೆ ಅಂತ ಮನೀಕಂಡ್ಬಿಡ್ತು. ಟೈ ಕಟ್ಕಂಡಿರೋನು ಬಂದು, 'ಅಮ್ಮ, ಇದು ನಿಮ್ದಾ' ಅಂತಾನೆ. 'ಊಂ ಕಣಪ್ಪ, ಸೈಟು ನೋಡಕ್ಕೆ ಬಂದೈತೆ' ಅಂದೆ!"

ವನಿತಾ ನಕ್ಕಳು. ಅವಳ ನಗೆಯ ಅಡಿಯಲ್ಲಿ ಇನ್ನೊಂದು ನಗೆಯಿತ್ತು. ಒಡಕು, ಗೊರಗೊರ, ಉಸಿರೇ ಹೆಚ್ಚು. ಯಶೋಧಾ ನಗುತ್ತಿದ್ದಳು. ಸ್ಟ್ರೋಕ್ ಆದ ಮೇಲಿನ ನಾಲ್ಕು ತಿಂಗಳಲ್ಲಿ ಮೊದಲ ಸಲ. ಸೊಪ್ಪಿನ ಚೀಲ ಹಿಡಿದು ಹಾಗೇ ನಿಂತೆ, ಆಮೇಲೆ ನಾನೂ ಸೇರಿಕೊಳ್ಳೋಣ ಎಂದು ಗೇಟಿನ ಚಿಲಕ ತೆಗೆದೆ.

ಒಳಗೆ ಮುನಿಕೃಷ್ಣಮ್ಮ ದನಿ ತಗ್ಗಿಸಿದಳು. "ತುರಂಬಿ, ತುರಂಬಿ."

ಮೂರೂ ನಗೆ ಒಟ್ಟಿಗೆ ನಿಂತವು. ನಾನು ಒಳಗೆ ಹೋದಾಗ ಮೂವರೂ ಶಾಲೆಗೆ ಇನ್‌ಸ್ಪೆಕ್ಟರು ಬಂದಂತೆ ಕೂತಿದ್ದರು. "ಬನ್ನಿ ಭಾವ," ಎಂದಳು ಮುನಿಕೃಷ್ಣಮ್ಮ, ಒಂದೊಂದೇ ಅಕ್ಷರ ಒರೆಸಿ ಇಟ್ಟಂತೆ. "ಹೊರಗೆ ಬಿಸಿಲು ಹೆಚ್ಚಾಗಿದೆ, ಅಲ್ಲವೆ?" ಹಕಾರ ಎರಡೂ ಕಡೆ ಸರಿಯಾಗಿಯೇ ಇತ್ತು.

ಅಡುಗೆಮನೆಯಲ್ಲಿ ವನಿತಾ ಸೊಪ್ಪು ಬಿಡಿಸುತ್ತಿದ್ದಳು. ಬಾಗಿಲು ಮುಂದಕ್ಕೆಳೆದು ಕೇಳಿದೆ. "ತುರಂಬಿ ಅಂದ್ರೇನು?"

"ಬಿಡಪ್ಪ."

"ಹೇಳಮ್ಮ. ನಾನೇನು ಬೈತೀನಾ? ಯಾವತ್ತಾದ್ರೂ ಬೈದಿದ್ದೀನಾ ನಿಮ್ಮನ್ನ?"

"ಬೈದಿಲ್ಲ," ಎಂದಳು ವನಿತಾ. "ತಿದ್ದಿದ್ದೀರ."

ಅವಳು ಸೊಪ್ಪಿನ ಮೇಲಿನ ಕಣ್ಣು ಎತ್ತದೆ ಹೇಳಿದಳು. "ನಾನು ಐದನೇ ಕ್ಲಾಸು. ಅಮ್ಮ ತಾತನ ವಿಷಯ ಏನೋ ಹೇಳ್ತಾ ಬಿದ್ದು ಬಿದ್ದು ನಗ್ತಿದ್ಲು. ನೀವು ಕೆಲಸದಿಂದ ಬಂದ್ರಿ. 'ಅಂಗೆ ಅಲ್ಲ ಯಶೋಧಾ, ಹಾಗೆ' ಅಂದ್ರಿ. ಪಾಪ, ಮೊದಲಿಂದ ಶುರು ಮಾಡಿದ್ಲು. 'ಓದ ಅಲ್ಲ, ಹೋದ' ಅಂದ್ರಿ. ಇನ್ನೊಂದ್ಸಲ ಶುರು ಮಾಡಿದ್ಲು. ಆಮೇಲೆ ಯಾಕೆ ನಗ್ತಿದ್ದೆ ಅನ್ನೋದೇ ಅವಳಿಗೆ ಮರ್ತೋಯ್ತು. ಒಳಗೆ ಹೋಗಿ ಅಕ್ಕಿ ಆರಿಸ್ತಾ ಕೂತ್ಲು."

"ಆಮೇಲೆ?"

"ಆಮೇಲೆ ಈ ಪದ ಮಾಡಿದ್ಲು. ಅವ್ರು ಬಂದ್ರು, ಮಾತು ನಿಲ್ಸು ಅಂತ. ಚಿಕ್ಕಮ್ಮಂಗೂ ಹೇಳ್ಕೊಟ್ಲು. ಅರ್ಥ ಇರೋ ಪದ ಆದ್ರೆ ನೀವು ಹಿಡ್ದುಬಿಡ್ತೀರ, ಬೇರೆ ಭಾಷೇದಾದ್ರೂ ಹಿಡೀತೀರ ಅಂತ ಎರಡು ದಿನ ಯೋಚನೆ ಮಾಡಿದ್ಲಪ್ಪ." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ನಿಮ್ಮ ಹೆಸರು ಅಂತ ಅಷ್ಟು ಖುಷಿಯಾಗಿದ್ರಿ. ಹೆಂಗೆ ಹೇಳ್ಲಿ?"

ಇಪ್ಪತ್ತೇಳು ವರ್ಷ. ನನ್ನ ಮನೆಯಲ್ಲಿ, ನನ್ನ ಕಿವಿಯ ಅಳತೆಯಲ್ಲೇ ಆ ಪದ ಓಡಾಡಿಕೊಂಡಿತ್ತು. ವೃತ್ತಿಯವನಾಗಿ ಹೇಳಬೇಕೆಂದರೆ, ಬಹಳ ಒಳ್ಳೆಯ ಕಟ್ಟಡ. ಎಲ್ಲೂ ಬಿರುಕಿಲ್ಲ.

ಶುಕ್ರವಾರದ ಸಂಚಿಕೆಯಲ್ಲಿ ನನ್ನ ಅಂಕಣ ಬಂತು. ಒಂದೇ ಒಂದು ಅಚ್ಚಿನ ತಪ್ಪೂ ಇರಲಿಲ್ಲ. ಓದಿ ಅತ್ತೆವೆಂದು ಹನ್ನೊಂದು ಮಂದಿ ಓದುಗರು ಬರೆದರು. ಅವರಿಗೆಲ್ಲ ಧನ್ಯವಾದ ತಿಳಿಸಿದೆ.

ಮರುವಾರ, ಮಾತು ಕಲಿಸಲು ಬರುವ ರುಮಾನಾ ಯಶೋಧಾಳ ಕೈ ಹಿಡಿದು ಕೂತಿದ್ದಳು. "ಸರ್, ಆ ಒಂದು ಪದ ಇದೆಯಲ್ಲ, ಅದನ್ನ ಬಿಡಬಾರ್ದು. ಅದು ಗಟ್ಟಿಯಾದ್ರೆ ಅದರ ಹಿಂದೆ ಬೇರೆ ಪದಗಳು ಬರ್ತವೆ. ದಿನಕ್ಕೆ ಇಪ್ಪತ್ತು ಸಲ ಆದ್ರೂ ಹೇಳಿಸ್ಬೇಕು. ಏನು ಮಾಡಿದ್ರೆ ಹೇಳ್ತಾರೆ ಅಮ್ಮ?"

"ನಾನು ಒಳಗೆ ಬಂದರೆ."

"ಅಯ್ಯೋ, ಎಷ್ಟು ಸ್ವೀಟ್ ಸರ್! ಹಾಗಾದ್ರೆ ಸುಲಭ. ಆಚೆ ಹೋಗಿ, ಒಳಗೆ ಬರ್ತಾ ಇರಿ."

ಹೀಗಾಗಿ ಈಗ ಬೆಳಿಗ್ಗೆ ಹತ್ತು ಸಲ, ಸಂಜೆ ಹತ್ತು ಸಲ. ಹಜಾರಕ್ಕೆ ಹೋಗಿ ಚಪ್ಪಲಿ ಮೆಟ್ಟುತ್ತೇನೆ. ಚಪ್ಪಲಿಯ ಸದ್ದಿದ್ದರೆ ಅವಳಿಗೆ ಪದ ಬೇಗ ಸಿಗುತ್ತದೆ. ಬಾಗಿಲು ತಳ್ಳುತ್ತೇನೆ. ಅವಳು ನನ್ನನ್ನು ನೋಡಿ, ಅಡುಗೆಮನೆಯ ಕಡೆ ನೋಡಿ, ಅಲ್ಲಿ ಯಾರೂ ಇಲ್ಲದಿದ್ದರೂ ಎಚ್ಚರಿಸುತ್ತಾಳೆ. ನಾನು ಮಾತಾಡುವುದಿಲ್ಲ. ಸ್ವಲ್ಪ ಹೊತ್ತು ನಿಂತು ಹೊರಗೆ ಹೋಗುತ್ತೇನೆ.

ನಿನ್ನೆ ಸಂಜೆ, ಏಳನೆಯ ಸಲವೋ ಎಂಟನೆಯ ಸಲವೋ, ಅವಳ ತುಟಿ ಕೂಡಲಿಲ್ಲ. "ತುರಯಿ" ಎಂದಳು. ತಪ್ಪಿತೆಂದು ಅವಳಿಗೇ ಗೊತ್ತಾಯಿತು. ಹೆದರಿ ನನ್ನ ಮುಖ ನೋಡಿದಳು.

"ಸರಿಯಾಗೈತೆ ಕಣೆ" ಎಂದೆ. ಚಪ್ಪಲಿ ಸದ್ದು ಮಾಡುತ್ತ ಹೊರಗೆ ಹೋದೆ.