ಒಂದೋ ಐದೋ

ಎರಡು ಸಲ ಒತ್ತಿದ್ದೋ, ಮೂರು ಸಲವೋ?

ಚಿದಾನಂದ ಮೌಸಿನ ಮೇಲಿಂದ ಕೈ ತೆಗೆದ. ತೆಗೆದವನು ಏನೂ ಆಗದವನಂತೆ ಕನ್ನಡಕ ಒರೆಸಿಕೊಂಡ. ಜಯನಗರದ ಆ ಕಾಲೇಜಿನ ಕಂಪ್ಯೂಟರ್ ಲ್ಯಾಬಿನ ತುಂಬ ಅವನಂಥವರೇ ಕುಳಿತಿದ್ದರು: ಪಿಎಚ್‌ಡಿ ಮುಗಿಸಲೇಬೇಕಾದ ಲೆಕ್ಚರರುಗಳು, ಮುಗಿಸುವ ಅವಸರವೇನೂ ಇಲ್ಲದ ಹುಡುಗ ಹುಡುಗಿಯರು. ಎಲ್ಲರ ಮುಂದೆಯೂ ಅಂಕಿಗಳು ತುಂಬಿದ ಒಂದೊಂದು ಪರದೆ. ಅವನತ್ತ ಯಾರೂ ನೋಡುತ್ತಿರಲಿಲ್ಲ.

ಬೆಳಿಗ್ಗೆಯಿಂದ ಅವನು ಸಂತೋಷವಾಗಿಯೇ ಇದ್ದ. ಕೋಣನಕುಂಟೆ ಕ್ರಾಸಿನಲ್ಲಿ ಮೆಟ್ರೊ ಹತ್ತಿದ ಕೂಡಲೇ ಸೀಟು ಸಿಕ್ಕಿತ್ತು. ಸಂಶೋಧಕರಿಗೆ ಸಂಖ್ಯಾಶಾಸ್ತ್ರದ ಸಾಫ್ಟ್‌ವೇರ್ ಕಲಿಸುವ ಒಂದು ದಿನದ ಕಾರ್ಯಾಗಾರ. ಬಾಗಿಲಲ್ಲೇ ಬಿಸಿ ಕೇಸರಿಬಾತು ಕೊಟ್ಟು ಕೊರಳಿಗೆ ಹೆಸರಿನ ಪಟ್ಟಿ ಹಾಕಿದರು. ಕೊರಳಿಗೆ ಹೆಸರು ಬಿದ್ದಾಗಲೆಲ್ಲ ತಾನು ಇಂಥವನು ಎಂಬುದು ಅವನಿಗೆ ಖಾತರಿಯಾಗುತ್ತಿತ್ತು. ಅಂಥ ಖಾತರಿ ಸಿಗುವ ಜಾಗಗಳು ಬೇರೆ ಹೆಚ್ಚಿರಲಿಲ್ಲ.

ಅವನು ಸಮಾಜಶಾಸ್ತ್ರದ ಉಪನ್ಯಾಸಕ. ಪ್ರಬಂಧದ ವಿಷಯ, ದಕ್ಷಿಣ ಬೆಂಗಳೂರಿನ ಉದ್ಯೋಗಸ್ಥ ದಂಪತಿಗಳ ಸಂಸಾರ ತೃಪ್ತಿ. ಗಂಡನಿಗೊಂದು ಪ್ರಶ್ನಾವಳಿ, ಹೆಂಡತಿಗೊಂದು. ಪ್ರತಿ ವಾಕ್ಯದ ಎದುರು ಒಂದರಿಂದ ಐದರವರೆಗೆ ಅಂಕಿಗಳು. ಒಪ್ಪುವುದೇ ಇಲ್ಲವೆಂದರೆ ಒಂದು, ಪೂರ್ತಿ ಒಪ್ಪಿದರೆ ಐದು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡುವಂತಿಲ್ಲ, ಬೇರೆ ಬೇರೆ ಕವರಿಗೆ ಹಾಕಿ ಅಂಟಿಸಬೇಕು. ದಂಪತಿಗಳ ಸಂಖ್ಯೆ ಸಾಲದೆ ಬಂದಾಗ ಅವನು ವಸಂತಪುರದ ತನ್ನ ಮನೆಗೂ ಎರಡು ಪ್ರತಿ ಒಯ್ದಿದ್ದ. ಹೆಂಡತಿ ಜಯಶೀಲಾ ಊಟದ ಮೇಜಿನ ಆ ತುದಿಯಲ್ಲಿ ಕುಳಿತು, ಪರೀಕ್ಷೆಯಲ್ಲಿ ಪಕ್ಕದವಳಿಗೆ ತೋರಿಸದ ಹುಡುಗಿಯ ಹಾಗೆ ಕೈ ಅಡ್ಡ ಇಟ್ಟುಕೊಂಡು ಬರೆದಿದ್ದಳು. ಬರೆಯಲು ಬಹಳ ಹೊತ್ತು ತೆಗೆದುಕೊಂಡಳು.

ಆ ಕವರನ್ನು ಅವನು ಒಡೆಯಲಿಲ್ಲ. ಆ ಬಗ್ಗೆ ಅವನಿಗೆ ಹೆಮ್ಮೆಯಿತ್ತು. ಎಲ್ಲವನ್ನೂ ಸಾರಕ್ಕಿಯ ಒಂದು ಡಿಟಿಪಿ ಅಂಗಡಿಗೆ ಕೊಟ್ಟು, ಅಂಕಿಗಳನ್ನು ಟೈಪು ಮಾಡಿಸಿ, ಪೆನ್‌ಡ್ರೈವಿಗೆ ಹಾಕಿಸಿಕೊಂಡು, ಕಾಗದಗಳನ್ನು ಅಲ್ಲೇ ನಿಂತು ಹರಿದು ಹಾಕಿಸಿದ್ದ. ಅಂಗಡಿಯ ಕಂಪ್ಯೂಟರಿನಿಂದಲೂ ಅಳಿಸಿ ಹಾಕಿಸಿದ್ದ. ಮಾಹಿತಿಯನ್ನು ಗುಪ್ತವಾಗಿ ಇಡಲಾಗುವುದು ಎಂದು ಪ್ರಶ್ನಾವಳಿಯ ನೆತ್ತಿಯ ಮೇಲೆ ಅಚ್ಚು ಹಾಕಿಸಿದ್ದನಲ್ಲ, ಅದನ್ನು ಅಕ್ಷರಶಃ ನಡೆಸಿಕೊಟ್ಟ.

ಕಲಿಸಲು ಬಂದಾಕೆ ಪ್ರಕೃತಿ. ಅವನ ಶಿಷ್ಯೆಯಾಗಿರಬಹುದಾದ ವಯಸ್ಸು. ಆದರೂ ಅವನು ಮೇಡಂ ಎಂದ.

"ಎಲ್ಲಾ ವಾಕ್ಯಾನೂ ಒಂದೇ ಕಡೆಗೆ ಇರಲ್ಲ" ಎಂದು ಅವಳು ಬೋರ್ಡಿನ ಮುಂದೆ ನಿಂತು ಹೇಳಿದಳು. "'ಮನೇಲಿ ನನ್ನ ಮಾತಿಗೆ ಬೆಲೆ ಇದೆ' ಅನ್ನೋದಕ್ಕೆ ಐದು ಬಂದ್ರೆ ಒಳ್ಳೇದು. 'ಮನೆಗೆ ಹೋಗೋಕೆ ಬೇಜಾರು' ಅನ್ನೋದಕ್ಕೆ ಐದು ಬಂದ್ರೆ? ಅದಕ್ಕೇ ಇಂಥ ವಾಕ್ಯಗಳನ್ನ ಉಲ್ಟಾ ಮಾಡ್ಕೋಬೇಕು. ಐದು ಇದ್ದಿದ್ದು ಒಂದಾಗುತ್ತೆ, ಒಂದು ಇದ್ದಿದ್ದು ಐದಾಗುತ್ತೆ. ಮೆನುನಲ್ಲಿ ಎರಡು ದಾರಿ ಇದೆ. ಮೊದಲನೇದು ಹಳೇ ಉತ್ತರದ ಮೇಲೇ ಬರೆದುಬಿಡುತ್ತೆ. ಅದನ್ನ ಮಾತ್ರ ಮುಟ್ಬೇಡಿ."

ಅವಳು ಅಷ್ಟು ಹೇಳುವ ಹೊತ್ತಿಗೆ ಚಿದಾನಂದ ಮೊದಲನೆಯದನ್ನು ಮುಟ್ಟಿಯಾಗಿತ್ತು.

ಒತ್ತಿದಾಗ ಏನೂ ಆದಂತೆ ಕಾಣಲಿಲ್ಲ. ಅಂಕಿಗಳಿದ್ದ ಕಡೆ ಅಂಕಿಗಳೇ ಇದ್ದವು. ಆಗಿಲ್ಲವೇನೋ ಎಂದು ಇನ್ನೊಮ್ಮೆ ಒತ್ತಿದ. ಬಹುಶಃ ಮತ್ತೊಮ್ಮೆ. ಪೆನ್‌ಡ್ರೈವಿನಲ್ಲಿದ್ದ ಆ ಒಂದೇ ಪ್ರತಿಯ ಮೇಲೆ ಸೇವ್ ಮಾಡಲೇ ಎಂದು ಯಂತ್ರ ಕೇಳಿತು, ಹೂಂ ಎಂದ. ಮಾಡಿದ ಕೆಲಸದ ವಿವರಗಳಿದ್ದ ಇನ್ನೊಂದು ಕಿಟಕಿಯನ್ನೂ ಉಳಿಸಲೇ ಎಂದು ಕೇಳಿತು. ಅದೇನೆಂದು ತಿಳಿಯಲಿಲ್ಲ. ತಿಳಿಯದ್ದಕ್ಕೆ ಬೇಡ ಎನ್ನುವುದು ಅವನ ಸ್ವಭಾವ.

ಆಮೇಲೆ, ಸುಮ್ಮನೆ, ಜಯಶೀಲಾಳ ಸಾಲನ್ನು ಹುಡುಕಿದ. ಹುಡುಕಬಾರದು ಎಂದುಕೊಂಡಿದ್ದೇನೋ ನಿಜ. ಹೆಣ್ಣು, ವಿಮಾ ಕಚೇರಿ, ವಸಂತಪುರ. ಸಾಲು ಹಿಡಿದು ಬೆರಳನ್ನು ಅಡ್ಡಡ್ಡ ಒಯ್ದು ತನಗೆ ಬಹಳ ಇಷ್ಟವಾದ ವಾಕ್ಯದ ಎದುರು ನಿಲ್ಲಿಸಿದ. 'ಸಂಜೆ ಮನೆಯ ಬೀಗ ತೆಗೆಯುವ ಮೊದಲು ಸ್ವಲ್ಪ ಹೊತ್ತು ಹೊರಗೇ ನಿಲ್ಲಬೇಕೆನಿಸುತ್ತದೆ.' ಅದನ್ನು ಅವನೇ ಬರೆದದ್ದು. ಎಲ್ಲಿಂದ ಹೊಳೆಯಿತೋ ಗೊತ್ತಿಲ್ಲ, ಗೈಡು ಕೂಡ ಮೆಚ್ಚಿದ್ದರು.

ಎದುರಿಗೆ ಒಂದು ಇತ್ತು. ಒಪ್ಪುವುದೇ ಇಲ್ಲ!

ಅವನಿಗೆ ನಿಜಕ್ಕೂ ಖುಷಿಯಾಯಿತು. ಹದಿಮೂರು ವರ್ಷದ ಸಂಸಾರಕ್ಕೆ ಯಾರೋ ಹೊರಗಿನವರು ಬಂದು ಮುದ್ರೆ ಒತ್ತಿ ಕೊಟ್ಟಷ್ಟು ಖುಷಿ. ಆ ಖುಷಿಯ ನಡುವೆಯೇ ಮೊದಲಿನ ಪ್ರಶ್ನೆ ಬಂದದ್ದು. ಎರಡು ಸಲ ಒತ್ತಿದ್ದರೆ ಉಲ್ಟಾ ಆದದ್ದು ಮತ್ತೆ ಸರಿಯಾಗಿರುತ್ತದೆ, ಒಂದು ಒಂದೇ. ಮೂರು ಸಲವಾಗಿದ್ದರೆ ಈ ಒಂದು ಅವಳು ಬರೆದಾಗ ಐದಾಗಿತ್ತು.

ಪ್ರಕೃತಿ ಅವನ ಹಿಂದೆ ಬಂದು ನಿಂತಳು.

"ಏನಾಯ್ತು ಸಾರ್?"

"ಏನಿಲ್ಲ. ಎಷ್ಟು ಸಲ ಒತ್ತಿದೆ ಅಂತ ಮರೆತುಹೋಯ್ತು."

"ಸೇವ್ ಮಾಡ್ಬಿಟ್ರಾ?"

"ಹೂಂ."

"ಔಟ್‌ಪುಟ್?"

"ಅದೂ ಕೇಳ್ತು. ಬೇಡ ಅಂದೆ."

ಅವಳು ಬೈಯಲಿಲ್ಲ. ಅವನ ಮೌಸು ತೆಗೆದುಕೊಂಡು ಏನೇನೋ ಒತ್ತಿದಳು. "ಬೇರೆ ವಾಕ್ಯಗಳ ಜೊತೆ ಹೋಲಿಸಿದ್ರೆ ಸಾಮಾನ್ಯವಾಗಿ ಗೊತ್ತಾಗುತ್ತೆ ಸಾರ್. ಮನೇಲಿ ಬೆಲೆ ಇದೆ ಅನ್ನೋರು ಮನೆಗೆ ಹೋಗೋಕೆ ಬೇಜಾರು ಅನ್ನಲ್ಲ ಅಲ್ವಾ?" ಪರದೆಯ ಮೇಲೆ ಒಂದು ಪಟ್ಟಿ ಬಂತು. ಅವಳು ಅದನ್ನು ಎರಡು ಸಲ ಓದಿದಳು. "ನಿಮ್ಮ ಡೇಟಾದಲ್ಲಿ ಎರಡಕ್ಕೂ ಸಂಬಂಧನೇ ಇಲ್ಲ. ಹತ್ತತ್ರ ಸೊನ್ನೆ."

"ಅಂದ್ರೆ?"

"ಬೆಲೆ ಇದೆ ಅನ್ನೋರಿಗೂ ಬೇಜಾರಿದೆ, ಇಲ್ಲ ಅನ್ನೋರಿಗೂ ಇದೆ. ಅಥವಾ ಯಾರಿಗೂ ಇಲ್ಲ." ಅವಳು ನಕ್ಕಳು. "ಹೋಗ್ಲಿ ಬಿಡಿ ಸಾರ್. ನಿಮಗೆ ಖಚಿತವಾಗಿ ಗೊತ್ತಿರೋ ಒಂದೇ ಒಂದು ಉತ್ತರ ಸಿಕ್ಕಿದ್ರೆ ಸಾಕು, ಅದನ್ನ ಹಿಡ್ಕೊಂಡು ಎಲ್ಲಾ ಸರಿ ಮಾಡ್ಬೋದು. ಇದರಲ್ಲಿ ನಿಮಗೆ ಚೆನ್ನಾಗಿ ಗೊತ್ತಿರೋರು ಯಾರಾದ್ರೂ ಇದ್ದಾರಾ?"

ಚಿದಾನಂದ ಯೋಚಿಸಿದ. ಈ ಪ್ರಶ್ನೆಗೆ ಇಷ್ಟು ಹೊತ್ತು ಯೋಚಿಸಬಾರದು ಎಂದು ಯೋಚಿಸುತ್ತಿರುವಾಗಲೇ ಅನ್ನಿಸಿತು.

"ಇದ್ದಾರೆ" ಎಂದ.

ಊಟದ ಬಿಡುವಿನಲ್ಲಿ ಗೈಡು ಚನ್ನಬಸವಯ್ಯನವರಿಗೆ ಫೋನು ಮಾಡಿದ. ಅವರು ಯಾವುದೋ ಮದುವೆಯಲ್ಲಿದ್ದರು, ಹಿಂದಿನಿಂದ ವಾಲಗ ಕೇಳುತ್ತಿತ್ತು.

"ನಿನ್ ಹೈಪಾಥಿಸಿಸ್ ಏನಯ್ಯಾ?"

"ತೃಪ್ತಿ ಇದೆ ಅಂತ ಸಾರ್."

"ಮತ್ತಿನ್ನೇನು? ತೃಪ್ತಿ ಇರೋ ಕಡೆಗೇ ತಿರುಗಿಸಿ ಬಿಡು."

ಆ ಸಲಹೆ ಅವನಿಗೆ ಇಷ್ಟವಾಯಿತು. ಇಷ್ಟವಾದದ್ದಕ್ಕೆ ಸ್ವಲ್ಪ ನಾಚಿಕೆಯೂ ಆಯಿತು. ಎರಡನ್ನೂ ಹೊತ್ತುಕೊಂಡು ಮಧ್ಯಾಹ್ನದ ಪಾಠಕ್ಕೆ ಕೂತ. ಪರದೆಯ ಮೇಲೆ ಅಂಚೆ ಚೀಟಿಯಷ್ಟು ಚಿಕ್ಕ ಗ್ರಾಫುಗಳು ಮೂಡಿದವು. ಕೊನೆಗೆ ಸರ್ಟಿಫಿಕೇಟು ಕೊಟ್ಟರು. ಹೆಸರಿನ ಕಾಗುಣಿತ ಸರಿಯಾಗಿತ್ತು.

ಮನೆಗೆ ಬರುವಾಗ ಇನ್ನೂ ಬಿಸಿಲಿತ್ತು. ಭಾನುವಾರ, ಬೀಗ ಹಾಕಿರಲಿಲ್ಲ. ಜಯಶೀಲಾ ನೆಲದ ಮೇಲೆ ಪೇಪರು ಹಾಸಿಕೊಂಡು ದಂಟಿನ ಸೊಪ್ಪು ಬಿಡಿಸುತ್ತಿದ್ದಳು. ಹಣೆಯ ವಿಭೂತಿ ಬೆವರಿಗೆ ಅರ್ಧ ಹೋಗಿತ್ತು. ಮನೆ ಒಪ್ಪವಾಗಿತ್ತು, ಫ್ಯಾನು ತಿರುಗುತ್ತಿತ್ತು, ಕುಕ್ಕರಿನಿಂದ ಬೇಳೆಯ ವಾಸನೆ ಬರುತ್ತಿತ್ತು. ಇಂಥ ಮನೆಯ ಬಗ್ಗೆ ಯಾರು ಏನು ದೂರಬಲ್ಲರು?

"ಕಲಿತ್ರಾ?" ಎಂದಳು, ತಲೆ ಎತ್ತದೆ.

"ಹೂಂ, ಸುಲಭ ಇದೆ." ಅವನು ಶೂ ಬಿಚ್ಚಿದ. "ಅವತ್ತು ಆ ಪ್ರಶ್ನಾವಳಿ ತುಂಬಿದ್ಯಲ್ಲ. ಅದರಲ್ಲಿ ಬೀಗದ್ದೊಂದು ಪ್ರಶ್ನೆ ಇತ್ತು. ಅದಕ್ಕೆ ಏನ್ ಹಾಕಿದ್ದೆ?"

ಸೊಪ್ಪು ಬಿಡಿಸುತ್ತಿದ್ದ ಬೆರಳುಗಳು ನಿಲ್ಲಲಿಲ್ಲ.

"ಯಾಕ್ರೀ?"

"ಫೈಲು ಸ್ವಲ್ಪ ಎಡವಟ್ಟಾಗಿದೆ. ಒಂದೋ ಐದೋ ಅಂತ ಗೊತ್ತಾದ್ರೆ ಸಾಕು."

"ಗುಪ್ತವಾಗಿ ಇಡ್ತೀವಿ ಅಂತ ಮೇಲೇ ಬರೆದಿದ್ರಲ್ಲ."

"ನಾನೇ ಅಲ್ವೇನೇ ಬರೆದಿದ್ದು?"

"ಅದಕ್ಕೇ ನಂಬಿ ತುಂಬಿದ್ದು."

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ಅನುಕೂಲವಾಗುತ್ತಿತ್ತು. ಒಂದು ಬಲಿತ ದಂಟನ್ನು ಮುರಿದು ನೋಡಿ ಅವಳು ಪಕ್ಕಕ್ಕಿಟ್ಟಳು.

"ಬೇಕಾದ್ರೆ ಈಗ ಕೇಳಿ" ಎಂದಳು. "ಈಗ ಹೇಳ್ತೀನಿ."

ಈ ಸಲ ಅವಳು ತಲೆ ಎತ್ತಿದ್ದಳು. ಕೇಳಿಬಿಡಬಹುದಿತ್ತು. ಬಾಯಿ ತೆರೆದರೆ ಒಂದೇ ವಾಕ್ಯ, ಅದೂ ಅವನೇ ಬರೆದ ವಾಕ್ಯ. ಅವನಿಗೆ ಭಯವಾಯಿತು.

"ಈಗ ಕೇಳಿದ್ರೆ ಅದು ಬೇರೆ ಡೇಟಾ ಆಗುತ್ತೆ" ಎಂದ. "ಲೆಕ್ಕಕ್ಕೆ ಬರಲ್ಲ."

"ಹಾಗಾದ್ರೆ ಸರಿ." ಅವಳು ಸೊಪ್ಪಿನ ಪಾತ್ರೆ ಎತ್ತಿಕೊಂಡು ಎದ್ದಳು. ಅಡುಗೆಮನೆಯ ಬಾಗಿಲಲ್ಲಿ ನಿಂತು, "ನೀವೂ ಒಂದು ತುಂಬಿದ್ರಲ್ಲ. ನಿಮ್ಮದು ನಿಮಗೆ ಗೊತ್ತಿರುತ್ತಲ್ಲ, ಅದನ್ನೇ ನೋಡ್ಕೊಳ್ಳಿ. ಕಾಫಿ ಮಾಡ್ಲಾ?" ಎಂದಳು.

"ಮಾಡು."

ಎಷ್ಟು ಸರಳ! ತನಗೆ ಚೆನ್ನಾಗಿ ಗೊತ್ತಿರುವವರ ಪೈಕಿ ತಾನೂ ಒಬ್ಬ ಎಂಬುದು ದಿನವಿಡೀ ತಲೆಗೆ ಬಂದಿರಲಿಲ್ಲ. ತನ್ನ ದಡ್ಡತನಕ್ಕೆ ತಾನೇ ನಗುತ್ತ ಲ್ಯಾಪ್‌ಟಾಪು ತೆರೆದ. ಎದೆ ಹಗುರವಾಯಿತು. ತನ್ನ ಒಂದು ಉತ್ತರ ಹಿಡಿದರೆ ಜಯಶೀಲಾಳದ್ದು ತಾನಾಗಿಯೇ ತಿಳಿಯುತ್ತದೆ, ಬಾಯಿ ಬಿಟ್ಟು ಕೇಳುವ ಪ್ರಸಂಗವೇ ಇಲ್ಲ.

ಮೊದಲು ಒಮ್ಮೆ ತಿರುಗಿಸಿದ. ಜಯಶೀಲಾಳ ಒಂದು ಐದಾಯಿತು. ಸುತ್ತಲ ಅಂಕಿಗಳೆಲ್ಲ ಮಗ್ಗುಲು ಬದಲಿಸಿದವು. ಜೆ.ಪಿ. ನಗರದ ನೆಮ್ಮದಿಯ ದಂಪತಿಗಳಿಗೆ ಮನೆ ಬೇಡವಾಯಿತು, ಬನಶಂಕರಿಯಲ್ಲಿ ಬೇಸತ್ತಿದ್ದವರು ಚೇತರಿಸಿಕೊಂಡರು. ಇನ್ನೊಮ್ಮೆ ಒತ್ತಿದ. ಎಲ್ಲರೂ ಹಳೆಯ ಜಾಗಕ್ಕೆ ಹೋದರು.

ಅವಳ ಸಾಲಿನ ಮೇಲಿನ ಸಾಲು ಮಾತ್ರ ಅಲುಗಲಿಲ್ಲ. ಯಂತ್ರ ಎಲ್ಲೋ ಸಿಕ್ಕಿಹಾಕಿಕೊಂಡಿದೆ ಎಂದುಕೊಂಡು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದ. ಗಂಡು, ಉಪನ್ಯಾಸಕ, ವಸಂತಪುರ. ಬೀಗದ ವಾಕ್ಯಕ್ಕೆ ಮೂರು. ಅದರ ಪಕ್ಕದ್ದಕ್ಕೂ ಮೂರು. ಆಚೆಯದ್ದಕ್ಕೂ ಮೂರು. ಒಪ್ಪುವುದೂ ಇಲ್ಲ, ಒಪ್ಪದೆಯೂ ಇಲ್ಲ. ಸಾಲಿನ ಕೊನೆಯವರೆಗೂ ಅದೇ. ಐದು ಒಂದಾಗುತ್ತದೆ, ನಾಲ್ಕು ಎರಡಾಗುತ್ತದೆ, ಮೂರು ಎಷ್ಟು ತಿರುಗಿಸಿದರೂ ಮೂರೇ.

"ಗೊತ್ತಾಯ್ತಾ?" ಒಳಗಿನಿಂದ ಅವಳು ಕೇಳಿದಳು.

"ನೋಡ್ತಿದೀನಿ."

ಕಾಫಿಯ ಘಮ ಬಂತು. ಇಷ್ಟೆಲ್ಲದರ ನಡುವೆ ತನ್ನದೊಂದು ಸಾಲಾದರೂ ಕೆಡದೆ ಉಳಿದಿದೆಯಲ್ಲ ಎಂದು ಅವನಿಗೆ ಸಮಾಧಾನವಾಯಿತು. ಮತ್ತೆ ಒತ್ತಿದ. ಮತ್ತೆ. ಕೆಳಗಿನ ಸಾಲಿನ ಮನೆಯಲ್ಲಿ ಅವಳ ಒಂದು ಐದಾಗುತ್ತಿತ್ತು, ಐದು ಒಂದಾಗುತ್ತಿತ್ತು. ಅದರ ನೆತ್ತಿಯ ಮೇಲೆ ಮೂರು ನೆಮ್ಮದಿಯಾಗಿ ಕುಳಿತಿತ್ತು.