ಮನೀ ಪೇಶಂಟ್

“ನಾವು ಮನೀ ಪೇಶಂಟ್ ಅದೇವ್ರಿ ಸಿಸ್ಟರಬಾಯಿ, ಎಷ್ಟು ಸಲ ಹೇಳ್ಬೇಕ್ರಿ ನಿಮಗ?” ಎಂದು ಸುಭದ್ರಾಬಾಯಿ ಸೆರಗು ಝಾಡಿಸಿ ಮತ್ತೆ ಬೇವಿನ ಮರದ ಬುಡದಲ್ಲೇ ಕೂತಳು. ಪಕ್ಕದಲ್ಲಿ ಅವಳ ಮಗಳು ಅಮೃತ ದುಪ್ಪಟಿಯನ್ನು ಮಡಚಿ ತಲೆಗಿಟ್ಟುಕೊಂಡು ಮಲಗಿದ್ದಳು. ತುಂಬಿದ ಬಸುರಿ, ಚೊಚ್ಚಲು. ಪಾದಗಳು ಬಾತು ಕಾಲುಂಗುರಗಳು ಬೆರಳೊಳಗೆ ಹೂತುಹೋಗಿದ್ದವು.

ತೊಗರಿಹಾಳದ ಸರ್ಕಾರಿ ದವಾಖಾನೆಯ ಬಾಗಿಲು ಆ ಮರದಿಂದ ಕೂಗಳತೆಯೂ ಅಲ್ಲ, ಪಿಸುಮಾತಿನಳತೆ. ಒಳಗೆ ಡಾಕ್ಟರ್ ದತ್ತಪ್ಪ ಕೂತಿದ್ದರು. ಬಿ.ಪಿ. ನೋಡುವ ಯಂತ್ರವಿತ್ತು, ಮಂಚವಿತ್ತು, ಸೂಜಿಮದ್ದು ಇತ್ತು, ಹೊರಗೆ ಜೀಪು ನಿಂತಿತ್ತು. ಆದರೂ ತಾಯಿ ಮಗಳು ಹಿರೋಳ್ಳಿಯಿಂದ ಮೊದಲ ಬಸ್ಸಿಗೆ ಬಂದು, ಸಂಜೆಯವರೆಗೆ ಮರದ ಕೆಳಗೇ ಇರುವುದೆಂದು ಗಟ್ಟಿ ಮಾಡಿಕೊಂಡು ಬುತ್ತಿಯನ್ನೂ ತಂದಿದ್ದರು. ಸಂಜೆ ಐದರ ನಂತರ ಇದೇ ದತ್ತಪ್ಪ ಇದೇ ಸ್ಟೆತಸ್ಕೋಪನ್ನು ಕೊರಳಿಗೆ ಹಾಕಿಕೊಂಡು, ಕಂಪೌಂಡಿನ ಆಚೆ ತಮ್ಮ ಕ್ವಾರ್ಟರ್ಸಿನ ಪಡಸಾಲೆಯಲ್ಲಿ ಫೀಸು ತೆಗೆದುಕೊಂಡು ನೋಡುತ್ತಿದ್ದರು. ಅಲ್ಲಿಗೆ ಹೋಗುವವರೇ ಮನೀ ಪೇಶಂಟುಗಳು. ಕದ್ದುಮುಚ್ಚಿ ಅಲ್ಲ, ಸರ್ಕಾರವೇ ಪರವಾನಗಿ ಕೊಟ್ಟಿತ್ತು. ಪುಕ್ಕಟೆ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು ಎನ್ನುವ ಜನ, ಡಾಕ್ಟರ ವಿಷಯಕ್ಕೆ ಬಂದರೆ ಮಾತ್ರ ಪುಕ್ಕಟೆಗೆ ಮೂಗು ಮುರಿಯುತ್ತಿದ್ದರು. ಇವರಿಗೆ ಏನು ಹೇಳಬೇಕೋ ಆ ಶರಣಬಸವನಿಗೇ ಗೊತ್ತು.

ಹಾಗಂತ ಜನರನ್ನಷ್ಟೇ ಬೈದರೂ ಆಗಲಿಲ್ಲ. ಮುಂಜಾನೆಯ ದತ್ತಪ್ಪ ಮುಖ ಮೇಲೆತ್ತುತ್ತಿರಲಿಲ್ಲ. ರೋಗಿ ಬಾಯಿ ತೆರೆಯುವಷ್ಟರಲ್ಲಿ ಚೀಟಿ ಬರೆದು ಮುಗಿದಿರುತ್ತಿತ್ತು. ಸಂಜೆಯ ದತ್ತಪ್ಪ ಕುರ್ಚಿ ತೋರಿಸುತ್ತಿದ್ದರು, ಮಳೆ ಬೆಳೆ ಕೇಳುತ್ತಿದ್ದರು, ನಾಲಿಗೆ ಚಾಚಿಸಿ, ರೆಪ್ಪೆ ಬಿಡಿಸಿ, ಬೆನ್ನು ತಟ್ಟಿ ನೋಡುತ್ತಿದ್ದರು. ಕಣ್ಣಿದ್ದ ಯಾರಿಗಾದರೂ ಫರಕು ಕಾಣುತ್ತಿತ್ತು, ಸುಭದ್ರಾಬಾಯಿಗೆ ಎರಡು ಕಣ್ಣಿದ್ದವು.

“ಮಗಳ ಕಾಲು ನೋಡಿದೇನಬೇ?” ನರ್ಸ್ ಅಮೀರುನ್ನಿಸಾ ಬಿಡಲಿಲ್ಲ. “ತೆಲಿ ಬ್ಯಾನಿ ಅಂತಾಳ, ಕಣ್ಣು ಮಂಜು ಅಂತಾಳ. ಸುಮ್ನ ಒಳಗ ಕರ್ಕೊಂಡು ಬಾ.”

“ಚೊಚ್ಚಲ ಬಾಣಂತನ ತವರಿಂದು ಬಾಯಿ. ಬೀಗರು ಸೊಲ್ಲಾಪುರದವರು, ದೊಡ್ಡ ಮಂದಿ. ನಾಳಿಗಿ ನಮ್ಮ ಸೊಸೀನ ಎಲ್ಲಿ ತೋರಿಸಿದ್ರಿ ಅಂತ ಕೇಳಿದ್ರ ಏನ್ ಹೇಳ್ಲಿ? ಬಿಟ್ಟಿ ದವಾಖಾನ್ಯಾಗ ಪಾಳಿ ಹಚ್ಚಿದ್ದೆ ಅಂತ ಹೇಳ್ಲೇನ್ರಿ? ನಮ್ಮ ಮಾರಿ ಎಲ್ಲಿಡೂಣು?”

“ಒಳಗ ಕುಂತವರೂ ಅವರೇ ಡಾಕ್ಟರ್ ಅಲ್ಲೇನ ಮಾರಾಯ್ತಿ.”

“ಅವರೇ ಅದಾರ್ರಿ. ಖರೇ, ಮುಂಜಾನಿ ಅವರು ಸರ್ಕಾರದವರು.”

ಅಮೃತ ಕಣ್ಣು ತೆರೆಯದೆಯೇ, “ಯವ್ವಾ, ಒಳಗ ಹೋಗೂಣಬೇ, ತೆಲಿ ಸಿಡೀಲಾಕತ್ತದ,” ಎಂದಳು. ತಾಯಿ ಸೆರಗಿನಿಂದ ಗಾಳಿ ಹಾಕುತ್ತ, “ಜರಾ ತಡಕೋ ನನ್ನವ್ವ. ಸಂಜಿಗಿ ಸಾಹೇಬ್ರು ಚಲೋತ್ನಾಗಿ ನೋಡ್ತಾರ,” ಎಂದು ಅವಳ ಹಣೆ ಒತ್ತಿದಳು. ಮಗಳ ಮೇಲೆ ಅವಳಿಗೆ ಪ್ರೀತಿ ಇರಲಿಲ್ಲವೆಂದು ಯಾರೂ ಹೇಳುವ ಹಾಗಿರಲಿಲ್ಲ.

ಅಮೀರುನ್ನಿಸಾ ಒಳಗೆ ಹೋದಾಗ ಅಲ್ಲಿ ಬೇರೆಯದೇ ಜಗಳ ನಡೆದಿತ್ತು. ಮಂಡಲ ಪಂಚಾಯ್ತಿಗಳು ಹೊಸದಾಗಿ ಬಂದ ಕಾಲ ಅದು. ಮಂಡಲ ಪ್ರಧಾನ ಕಲ್ಯಾಣಪ್ಪ ಡಾಕ್ಟರ ಎದುರಿಗೆ ಟೇಬಲ್ಲಿನ ಮೇಲೆ ಟೋಪಿ ಇಟ್ಟು, ಹೊಸ ಅಧಿಕಾರದ ದನಿಯಲ್ಲಿ ಮಾತಾಡುತ್ತಿದ್ದ. ರೋಗಿಗಳ ಪಾಳಿ ಗೋಡೆಗೆ ಒರಗಿ ಬಾಯಿ ತೆರೆದು ಕೇಳುತ್ತಿತ್ತು.

“ಸಂಜಿ ಪ್ರಾಕ್ಟೀಸು ಬಂದ್ ಆಗ್ಬೇಕಂತ ಠರಾವು ಮಾಡಾಕತ್ತೇವ್ರಿ ಸಾಹೇಬ್ರ. ಒಂದ ದವಾಖಾನಿಗೆ ಎರಡು ಬಾಗಲಾ ಯಾಕ ಬೇಕು?”

“ಮಾಡ್ರಿ, ಬೇಫಿಕರ್ ಮಾಡ್ರಿ,” ದತ್ತಪ್ಪ ಪೆನ್ನು ಕೆಳಗಿಟ್ಟರು. “ನಾ ರಾಜೀನಾಮೆ ಒಗದು ಗುಲಬರ್ಗಾದಾಗ ಸ್ವಂತ ದವಾಖಾನಿ ತೆಗೀತೇನಿ. ಆಮ್ಯಾಲ ನಿಮಗ ಎರಡಲ್ಲ, ಒಂದು ಬಾಗಲಾನೂ ಇರೂದಿಲ್ಲ. ಯಾವ ಡಾಕ್ಟರು ಬರ್ತಾನ್ರಿ ಈ ಧೂಳಿಗೆ? ಇದ್ದವರು ಸಂಜಿಗಿ ಬರ್ತಾರ, ಇಲ್ಲದವರು ಮುಂಜಾನಿ ಬರ್ತಾರ. ಇದ್ರಾಗ ಯಾರಿಗಿ ತ್ರಾಸ ಆಗ್ಯಾದ ಹೇಳ್ರಿ ನೋಡೂಣು.”

ಕಲ್ಯಾಣಪ್ಪನಿಗೆ ತಟ್ಟನೆ ಯಾರೂ ನೆನಪಾಗಲಿಲ್ಲ. ಅವನ ಹೆಂಡತಿಯ ಸಕ್ಕರೆ ಬೇನೆಗೂ ಸಂಜೆಯ ಬಾಗಿಲೇ ಆಗಬೇಕಿತ್ತು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಆದರೂ ಅವನು ಕೇಳಿದ ಪ್ರಶ್ನೆ ಖೊಟ್ಟಿಯದಲ್ಲ, ದತ್ತಪ್ಪನವರ ಉತ್ತರವೂ ಪೂರ್ತಿ ಸುಳ್ಳಲ್ಲ. ಹೀಗಾಗಿ ಇಬ್ಬರೂ ಸೋಲುವಂತಿರಲಿಲ್ಲ, ವಾದ ಉದ್ದಕ್ಕೆ ಬೆಳೆಯಿತು.

“ಸಾಹೇಬ್ರ, ಹೊರಗ ಒಂದು ಬಸುರಿ ಹುಡುಗಿ ಅದ,” ಅಮೀರುನ್ನಿಸಾ ನಡುವೆ ಬಾಯಿ ಹಾಕಿದಳು. “ಮೈ ಭಾಳ ಬಾತದ.”

“ಪಾಳಿಯಾಗ ಬರ್ಲಿ ಸಿಸ್ಟರ್.”

“ಪಾಳಿಗೇ ಬರವಲ್ರು. ಮನೀ ಪೇಶಂಟ್ ಅಂತಾರ.”

ದತ್ತಪ್ಪ ಗೆದ್ದವರಂತೆ ಕಲ್ಯಾಣಪ್ಪನ ಕಡೆ ತಿರುಗಿದರು. “ಕೇಳಿದ್ರಿಲ್ಲ? ನಾ ಏನ್ ಡಂಗುರ ಸಾರೇನೇನ್ರಿ? ಜನರಿಗೇ ಸಂಜಿ ಬೇಕಾಗ್ಯಾದ.” ಆಮೇಲೆ ನರ್ಸಿಗೆ, “ಹಂಗಾದ್ರ ಸಂಜಿಗೇ ನೋಡೂಣ ಬಿಡ್ರಿ,” ಎಂದರು.

ಅಮೀರುನ್ನಿಸಾಳಿಗೆ ಮೈಯೆಲ್ಲ ಉರಿಯಿತು. ಕೈ ಹಿಡಿದು ಎಳೆದು ತರಬಹುದಿತ್ತು. ಆದರೆ ಲಸಿಕೆಗೆ ಬಂದ ಕೂಸುಗಳು ಒಂದಕ್ಕೊಂದು ಪೈಪೋಟಿಯಲ್ಲಿ ಅಳುತ್ತಿದ್ದವು, ಸೂಜಿ ಕುದಿಯಲು ಇಟ್ಟಿದ್ದಳು. ಒಬ್ಬರಿಗೆ ಬರುವುದು ಬೇಡ, ಇನ್ನೊಬ್ಬರಿಗೆ ನೋಡುವುದು ಬೇಡ, ನಡುವೆ ನಾನ್ಯಾಕೆ ಸಾಯಲಿ ಎಂದುಕೊಂಡು ತನ್ನ ಕೆಲಸಕ್ಕೆ ಹೋದಳು.

ಮಧ್ಯಾಹ್ನ ದತ್ತಪ್ಪ ಊಟಕ್ಕೆಂದು ಮರದ ಹಾದಿಯಲ್ಲೇ ಮನೆಗೆ ಹೊರಟರು. ಸುಭದ್ರಾಬಾಯಿ ದಡಕ್ಕನೆ ಎದ್ದು ಕೈಮುಗಿದಳು. “ಸಂಜಿಗಿ ಬರ್ರಿ,” ಎಂದರು ಅವರು, ನಡೆಯುತ್ತಲೇ. ಅಂಗಳದಲ್ಲಿ ನಮಸ್ಕಾರ ಮಾಡಿದ ಎಲ್ಲರಿಗೂ ಅವರು ಅನ್ನುತ್ತಿದ್ದದ್ದು ಅದೇ ಮಾತು. ಕಾಲ ಬಳಿ ಮಲಗಿದ್ದ ಹುಡುಗಿಯನ್ನು ಅವರು ನೋಡಲಿಲ್ಲ.

“ಕೇಳ್ದೇನ? ಸಾಹೇಬ್ರು ಖುದ್ದ ಹೇಳಿದ್ರು,” ಸುಭದ್ರಾಬಾಯಿಯ ಮುಖ ಅರಳಿತು. ಅಮೃತ ಪಕ್ಕಕ್ಕೆ ಹೊರಳಿ ವಾಂತಿ ಮಾಡಿಕೊಂಡಳು. ತಾಯಿ ಅವಳ ಬಾಯಿ ಒರೆಸುತ್ತಿರುವಾಗ ದವಾಖಾನೆಯ ಜೀಪು ಲಸಿಕೆ ತರಲು ಗುಲಬರ್ಗಾಕ್ಕೆ ಹೊರಟಿತು. ಡ್ರೈವರನೊಬ್ಬನ ಹೊರತು ಅದರಲ್ಲಿ ಯಾರೂ ಇರಲಿಲ್ಲ. ಇಬ್ಬರ ಮೇಲೂ ಧೂಳು ಹಾರಿಸಿ ಅದು ರಸ್ತೆಗಿಳಿಯಿತು.

ಐದು ಹೊಡೆದಾಗ ಕ್ವಾರ್ಟರ್ಸಿನ ಪಡಸಾಲೆಯ ಬೆಂಚಿನ ಮೇಲೆ ತಾಯಿ ಮಗಳದೇ ಮೊದಲ ಪಾಳಿ. ದತ್ತಪ್ಪ ಚಹಾ ಮುಗಿಸಿ, ಮುಖ ಒರೆಸಿಕೊಂಡು, “ಬರ್ರಿ, ಬರ್ರಿ, ಯಾವೂರು?” ಎನ್ನುತ್ತ ಹೊರಬರುವಷ್ಟರಲ್ಲಿ ಅಮೃತಳ ಕಣ್ಣುಗುಡ್ಡೆಗಳು ಮೇಲಕ್ಕೆ ಸಿಕ್ಕಿಕೊಂಡವು. ಕೈಕಾಲು ಸೆಟೆದವು, ಬಾಯಲ್ಲಿ ನೊರೆ ಬಂತು, ಬೆಂಚು ಗಡಗಡ ಅಲುಗಾಡಿತು. ದತ್ತಪ್ಪ ಓಡಿಬಂದು ಅವಳನ್ನು ಒಂದು ಮಗ್ಗುಲಿಗೆ ಹೊರಳಿಸಿ ಹಿಡಿದರು. ಬಿ.ಪಿ. ಮಿತಿಮೀರಿ ಏರಿದ್ದು ನೋಡಿ ಅವರಿಗೆ ಸಿಟ್ಟು ನೆತ್ತಿಗೇರಿತು.

“ಮುಂಜಾನಿಯಿಂದ ಎಲ್ಲಿ ಸತ್ತಿದ್ರಿ? ಇಂಥ ಪೇಶಂಟನ್ನ ಇಷ್ಟೊತ್ತಿಗೆ ತರ್ತಾರೇನು?”

“ಇಲ್ಲೇ ಇದ್ದೇವ್ರಿ, ಗಿಡದ ಕೆಳಗ,” ಸುಭದ್ರಾಬಾಯಿ ಮಗಳ ಸೆಟೆದ ಕಾಲು ಒತ್ತಿಹಿಡಿದಳು. “ನೀವೇ ಸಂಜಿಗಿ ಬರ್ರಿ ಅಂದ್ರಲ್ರಿ ಸಾಹೇಬ್ರ.”

ದತ್ತಪ್ಪ ತಮ್ಮ ಔಷಧದ ಪೆಟ್ಟಿಗೆ ತಡಕಾಡಿದರು. ಬೇಕಾದ ಸೂಜಿಮದ್ದು ಅವರ ಮನೆಯಲ್ಲಿರಲಿಲ್ಲ, ದವಾಖಾನೆಯಲ್ಲಿತ್ತು. ದವಾಖಾನೆಯ ಔಷಧ ಕೋಣೆಗೆ ಬೀಗ ಬಿದ್ದಿತ್ತು, ಕೀಲಿ ಇಟ್ಟುಕೊಂಡವನು ಸಂಜೆ ಬಸ್ಸಿಗೆ ಆಳಂದಕ್ಕೆ ಹೋಗಿಬಿಟ್ಟಿದ್ದ. ಗದ್ದಲ ಕೇಳಿ ಓಡಿಬಂದ ಅಮೀರುನ್ನಿಸಾ ಕಲ್ಲು ತಂದು ಬೀಗ ಒಡೆದಳು. ಸೂಜಿ ಮಾಡಿದರು. ಜೀಪು ಇನ್ನೂ ಬಂದಿರಲಿಲ್ಲ. ಸುದ್ದಿ ಕೇಳಿ ಬಂದ ಕಲ್ಯಾಣಪ್ಪ ತನ್ನ ಮಟಾಡೋರ್ ವ್ಯಾನಿನಿಂದ ಜೋಳದ ಚೀಲಗಳನ್ನು ಕೆಳಗೆ ಉರುಳಿಸಿ, ತಾನೇ ಸ್ಟೇರಿಂಗ್ ಹಿಡಿದ. ಮುಂಜಾನೆಯ ವಾದವನ್ನು ಆಗ ಅವನೂ ಎತ್ತಲಿಲ್ಲ. ದತ್ತಪ್ಪ ದಾರಿಯುದ್ದಕ್ಕೂ ಹುಡುಗಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು, ತಗ್ಗು ಬಂದಾಗಲೆಲ್ಲ ಹಲ್ಲು ಕಡಿದರು. ದಾರಿಯಲ್ಲಿ ಮತ್ತೊಮ್ಮೆ ಫಿಟ್ಸ್ ಬಂತು.

ಗುಲಬರ್ಗಾದ ದೊಡ್ಡ ದವಾಖಾನೆಯಲ್ಲಿ ಅಮೃತಳ ಜೀವ ಉಳಿಯಿತು. ಹೊಟ್ಟೆಯೊಳಗಿನ ಕೂಸು ಅಲ್ಲಿಗೆ ಮುಟ್ಟುವ ಮೊದಲೇ ಹೋಗಿತ್ತು. ಗಂಡು ಕೂಸು.

ಕೆಲವು ದಿನ ಬಿಟ್ಟು ದತ್ತಪ್ಪ ಅಮೃತಳನ್ನು ನೋಡಲು ಆ ದವಾಖಾನೆಯ ವಾರ್ಡಿಗೆ ಹೋದರು. ಆ ತಾಯಿ ಮುಖಕ್ಕೆ ಉಗಿದರೂ ಉಗಿಯಲಿ, ನಾಲ್ಕು ಮಂದಿಯ ಎದುರು ಬಾಯಿಗೆ ಬಂದಂತೆ ಬೈಯಲಿ ಎಂದು ಮನಸ್ಸು ಗಟ್ಟಿ ಮಾಡಿಕೊಂಡೇ ಹೋಗಿದ್ದರು. ಬೈದರೆ ಹಗುರಾದೀತು ಎಂಬ ಆಸೆಯೂ ಇತ್ತು. ಸುಭದ್ರಾಬಾಯಿ ಅವರನ್ನು ಕಂಡವಳೇ ಓಡಿಬಂದು ಕಾಲು ಹಿಡಿದಳು.

“ಇವರೇ ನೋಡ್ರಿ ನಮ್ಮ ಸಾಹೇಬ್ರು,” ಎಂದು ಅಕ್ಕಪಕ್ಕದ ಮಂಚದವರಿಗೆಲ್ಲ ತೋರಿಸಿದಳು. “ಇವರ ಮನ್ಯಾಗ ತೋರಿಸಿದ್ದಕ್ಕ ನನ್ನ ಮಗಳು ಉಳದ್ಳು. ಸ್ವಂತ ತೊಡಿ ಮ್ಯಾಲೆ ಹಾಕ್ಕೊಂಡು ತಂದಾರ. ಬಿಟ್ಟಿ ದವಾಖಾನ್ಯಾಗ ಇದ್ದಿದ್ರ ಯಾರು ಕೇಳ್ತಿದ್ರು? ಬೀಗರೂ ಬಂದಿದ್ರು. ಚಲೋ ಕಡಿಗೇ ತೋರಿಸೀರಿ ಅಂದ್ರು.”

“ಹಂಗಲ್ಲಬೇ,” ದತ್ತಪ್ಪ ಬಗ್ಗಿ ಅವಳನ್ನು ಎಬ್ಬಿಸಿದರು. “ಮುಂಜಾನೀನೇ ನಾ ನೋಡ್ಬೇಕಾಗಿತ್ತು.”

“ಬಿಡ್ರಿ ಸಾಹೇಬ್ರ. ಮುಂಜಾನಿ ನಿಮಗೆಲ್ಲಿ ಪುರಸತ್ತು,” ಎಂದು ಅವಳೇ ಅವರಿಗೆ ಸಮಾಧಾನ ಹೇಳಿದಳು.

ಪಕ್ಕದ ಮಂಚದ ಹೆಂಗಸು ತನ್ನ ಕೂಸನ್ನು ಭುಜಕ್ಕೆ ಹಾಕಿಕೊಂಡು, ತೊಗರಿಹಾಳಕ್ಕೆ ಯಾವ ಬಸ್ಸು, ಸಾಹೇಬರ ಮನೆ ಎಲ್ಲಿ ಎಂದು ವಿಚಾರಿಸತೊಡಗಿದಳು. ಸುಭದ್ರಾಬಾಯಿ ಕೈ ಮಾಡಿ ಮಾಡಿ ದಾರಿ ಹೇಳಿದಳು. ಆ ಕೂಸು ಹಸಿದು ಅಳುವುದಕ್ಕೆ ಶುರು ಮಾಡಿತು. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ಅಮೃತಳ ಕುಪ್ಪಸ ಎದೆಯ ಮೇಲೆ ಒದ್ದೆಯಾಯಿತು. ಅವಳು ಮೆಲ್ಲಗೆ ಚಾದರವನ್ನು ಕುತ್ತಿಗೆಯವರೆಗೆ ಎಳೆದುಕೊಂಡಳು.